ಕುತ್ತಿಗೆಯಲ್ಲಿ ಉಸಿರು

ಮುನಿಸ್ವಾಮಿ ಕೂಗಿದರೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮೂರನೇ ಮಹಡಿಯವರೂ ಸೊಪ್ಪಿಗೆ ಬುಟ್ಟಿ ಇಳಿಬಿಡುತ್ತಿದ್ದರು. ತಳ್ಳುಗಾಡಿಯಲ್ಲಿ ದಂಟು, ಮೆಂತ್ಯ, ಕೊತ್ತಂಬರಿ. ಬಾಯಲ್ಲಿ ಸದಾ ಬೀಡಿ. ಹೋದ ವರ್ಷ ದನಿ ಒಡೆದಾಗ ನೆಗಡಿ ಎಂದುಕೊಂಡು ಮೆಣಸಿನ ಕಷಾಯ ಕುಡಿದ. ದನಿ ಸರಿಹೋಗಲಿಲ್ಲ. ಮುದ್ದೆ ನುಂಗುವಾಗಲೂ ನೋವು ಶುರುವಾಯಿತು. ಹೆಂಡತಿ ಪಿಳ್ಳಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಬಲಿತಿತ್ತು.

ಧ್ವನಿಪೆಟ್ಟಿಗೆಯನ್ನೇ ತೆಗೆದರು. ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ತಂದು ಹೊಲಿದು, ಉಸಿರಾಡಲು ಅಲ್ಲೊಂದು ತೂತು ಬಿಟ್ಟರು.

"ಇನ್ಮೇಲೆ ನಿಮ್ಮ ಮೂಗಿಗೂ ಶ್ವಾಸಕೋಶಕ್ಕೂ ದಾರಿ ಇಲ್ಲ," ಎಂದರು ಡಾಕ್ಟರಮ್ಮ. "ಮೂಗು ಧೂಳು ತಡೀತಿತ್ತು, ಗಾಳೀನ ಬೆಚ್ಚಗೆ ಮಾಡಿ, ತೇವ ಮಾಡಿ ಒಳಗೆ ಬಿಡ್ತಿತ್ತು. ಆ ಕೆಲಸ ಈಗ ಈ ಬಟ್ಟೆ ಮಾಡ್ಬೇಕು. ಒದ್ದೆ ಮಾಡಿ ತೂತಿನ ಮೇಲೆ ಕಟ್ಕೊಳ್ಳಿ."

ಅವನು ತಲೆಯಾಡಿಸಿದ. ಆದರೆ ಬೀದಿಯಲ್ಲಿ ಅದು ಕೂಸಿನ ಜೊಲ್ಲುಬಟ್ಟೆಯಂತೆ ಕಂಡೀತೆಂದು ನಾಚಿಕೆ. ಕಾಲರ್ ಎತ್ತಿ ಮುಚ್ಚಿಕೊಂಡು ಗಾಡಿ ತಳ್ಳಿದ. ಕೂಗಿ ಕರೆಯಲಾಗದೆ ಸಂಪಿಗೆ ರಸ್ತೆಯ ಮೂಲೆಯಲ್ಲಿ ನಿಂತ. ಮೂಗನಾದವನಿಗೆ ಕಿವಿಯೂ ಕೇಳಿಸದೆಂದು ಜನ ಕಿರುಚಿ ಬೆಲೆ ಕೇಳುತ್ತಿದ್ದರು.

ಹಳೆಯ ಗಿರಾಕಿ ಶೈಲಜಮ್ಮ ಒಮ್ಮೆ ಕೊತ್ತಂಬರಿ ಕಟ್ಟನ್ನು ಮೂಸಿ ಮೆಲ್ಲಗೆ ಕೆಳಗಿಟ್ಟರು. "ಒಳಗೆಲ್ಲ ಕೊಳ್ತು ವಾಸ್ನೆ ಬರ್ತಿದೆ. ನೋಡ್ಲಿಲ್ವೇನಪ್ಪ?"

ಅವನು ಕಟ್ಟನ್ನು ಮೂಗಿಗೆ ಒತ್ತಿಕೊಂಡ. ಏನೂ ತಿಳಿಯಲಿಲ್ಲ. ಉಸಿರೇ ಆಡದ ಮೂಗಿಗೆ ವಾಸನೆ ಎಲ್ಲಿಂದ ಬರಬೇಕು? ಮಧ್ಯಾಹ್ನವಾಗುವ ಮೊದಲೇ ಗಾಡಿಯನ್ನು ಮನೆಯತ್ತ ತಿರುಗಿಸಿದ.

ಡಿಸೆಂಬರಿನಲ್ಲಿ ಪೈಪಿಗೆಂದು ಪಕ್ಕದ ರಸ್ತೆ ಅಗೆದರು. ಚಳಿಗಾಳಿ, ಧೂಳು ಎರಡೂ ನೆಟ್ಟಗೆ ಎದೆಗೆ ಇಳಿದವು. ಒಂದು ಬೆಳಿಗ್ಗೆ ತೂತಿನೊಳಗೆ ಕಫ ಒಣಗಿ ಹಕ್ಕಳೆಗಟ್ಟಿ ದಾರಿ ಕಟ್ಟಿತು. ಮುನಿಸ್ವಾಮಿ ಗಾಡಿಗೆ ಒರಗಿ ಕುಸಿದ. ಎಷ್ಟು ಬಾಯಿ ತೆರೆದರೂ ಗಾಳಿ ಒಳಗೆ ಹೋಗಲಿಲ್ಲ. ಪಕ್ಕದ ಹಣ್ಣಿನವನು ಗಾಬರಿಯಿಂದ ಬಾಯಿಗೆ ನೀರು ಹಿಡಿದ.

ತಿಂಡಿ ತಂದ ಪಿಳ್ಳಮ್ಮ ಅದನ್ನು ಕಂಡು ಓಡಿ ಬಂದಳು. "ನೀರು ಬ್ಯಾಡ, ಬಿಡಣ್ಣ," ಎನ್ನುತ್ತಾ ಕಾಲರ್ ಸರಿಸಿದಳು. ಅವನು ಮರೆತರೂ ಅವಳ ಚೀಲದಲ್ಲಿ ಆಸ್ಪತ್ರೆಯವರು ಕೊಟ್ಟ ಉಪ್ಪುನೀರಿನ ಸೀಸೆ ಇರುತ್ತಿತ್ತು. ತೂತಿಗೆ ಹನಿ ಬಿಟ್ಟು ಬೆನ್ನು ತಟ್ಟಿದಳು. "ಕೆಮ್ಮಯ್ಯ. ಇನ್ನೊಂದ್ಸಲ ಕೆಮ್ಮು."

ಹಕ್ಕಳೆ ಹೊರಬಿತ್ತು. ಉಸಿರು ಸಿಳ್ಳೆಯಂತೆ ಒಳಗೆ ನುಗ್ಗಿತು.

"ನಾಚ್ಕೆಗೆ ಹೆದ್ರಿ ಸಾಯ್ತೀಯಾ?" ಎಂದು ಚೀಲದಲ್ಲಿದ್ದ ಬಟ್ಟೆ ಒದ್ದೆ ಮಾಡಿ ತಾನೇ ಕಟ್ಟಿದಳು. ಅವನು ಅತ್ತ. ಭುಜ ಮಾತ್ರ ಅಲುಗಿತು, ಸದ್ದು ಬರಲಿಲ್ಲ.

ಪಿಳ್ಳಮ್ಮ ಈಗ ಬೇರೆಯವರ ಮನೆಗೆಲಸ ಬಿಟ್ಟು ಗಾಡಿಯ ಬಳಿ ನಿಲ್ಲುತ್ತಾಳೆ. ಸೊಪ್ಪು ಮೂಸುವವಳೂ ಬೆಲೆ ಹೇಳುವವಳೂ ಅವಳೇ. ಆಸ್ಪತ್ರೆಯಲ್ಲಿ ಗಾಳಿ ನುಂಗಿ ತೇಗಿನಲ್ಲೇ ಮಾತಾಡುವುದನ್ನು ಅವನಿಗೆ ಕಲಿಸುತ್ತಿದ್ದಾರೆ. ಒಂದೆರಡು ಪದ ಬರುತ್ತವೆ. ಮೊಮ್ಮಗಳ ಎದುರಿಗೆ ಮಾತ್ರ ಅವನು ಬಾಯಿ ತೆರೆಯುವುದಿಲ್ಲ. ಮೊದಲ ದಿನ ಆ ಸದ್ದು ಕೇಳಿ ಮಗು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತ್ತು.