ಮೊದಲು ತಿರುಪತಿ, ಈಗ ಕಾಂಚೀಪುರ

ಸಾರಿ ಫ್ರೆಂಡ್ಸ್, ಇಷ್ಟು ಚಿಕ್ಕ ವಿಷಯಕ್ಕೆ ಪೋಸ್ಟ್ ಹಾಕ್ತಿದ್ದೀನಿ. ಈ ತಮಿಳು ಊರಿನ ಹಾಸ್ಟೆಲ್ ರೂಮಲ್ಲಿ ಕನ್ನಡದಲ್ಲಿ ಹೇಳಿಕೊಳ್ಳೋಕೆ ಯಾರೂ ಇಲ್ಲ.

ಫಸ್ಟ್ ಇಯರ್ ಅಸೈನ್‌ಮೆಂಟು. ವಿಧಾನಸಭಾ ಕ್ಷೇತ್ರದ ಗಡಿ ಬದಲಾದಾಗ ಏನಾಯಿತು ಅಂತ ಒಬ್ಬ ಹಳೇ ಮತದಾರರನ್ನು ಕೇಳಿ ಬರೆಯಬೇಕು. ಬೆಳಿಗ್ಗೆ ವೆಸ್ಟ್ ಮಾಂಬಲಂನಲ್ಲಿ ಕನ್ನಡದ ಆಂಟಿಯೊಬ್ಬರ ಮನೆಗೆ ಹೋದೆ. ಮದುವೆಯಾದಾಗಿನಿಂದ ಇಲ್ಲೇ ಇರೋರು, ಅರ್ಧ ಮಾತು ತಮಿಳು.

"ಮೊದಲು ನಿಮ್ಮದು ಯಾವ ಕ್ಷೇತ್ರ ಆಂಟಿ?"

"ಮೊದಲು ತಿರುಪತಿ. ಈಗ ಮಂಡಿನೋವು, ಕಾಂಚೀಪುರ ಅಷ್ಟೇ."

ಟೆನ್ಷನ್ನಲ್ಲಿ ನಾನು ಹಾಗೇ ಬರೆದುಕೊಂಡೂ ಬಿಟ್ಟೆ! ಒಳಗಿನಿಂದ ಅಂಕಲ್ ಕೂಗಿದರು: "ಅವಳು ಕೇಳ್ತಿರೋದು ಕೋಯಿಲ್, ದೇವಸ್ಥಾನ ಅಲ್ಲ ಕಣೇ, ವೋಟಿನ ಕ್ಷೇತ್ರ! ತೊಗುದಿ, ತೊಗುದಿ!"

ಆಂಟಿ ನಕ್ಕು ನಕ್ಕು ಕೆಮ್ಮಿದರು. "ವೋಟಾ? ಎಲ್ಲಾ ಎಲೆಕ್ಷನ್ನಲ್ಲೂ ಇದೇ ಬೀದಿ ಸ್ಕೂಲಲ್ಲಿ ಹಾಕಿದ್ದೀನಿ. ನಡುವೆ ಯಾರೋ ಗೆರೆ ಎಳೆದರು, ನಮ್ಮ ತೊಗುದಿ ಬದಲಾಯ್ತು. ನಾನಂತೂ ಎಲ್ಲೂ ಹೋಗಿಲ್ಲಮ್ಮಾ. ನಿಂದು ಯಾವ ತೊಗುದಿ?"

ಐದನೇ ಕ್ಲಾಸಿಂದ ನಾನು ಹಾಸ್ಟೆಲ್. ಅಪ್ಪನಿಗೆ ಬ್ಯಾಂಕಲ್ಲಿ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್. ಹದಿನೆಂಟು ತುಂಬಿದೆ, ವೋಟರ್ ಅರ್ಜಿಯಲ್ಲಿ ವಿಳಾಸದ ಜಾಗ ಮಾತ್ರ ಖಾಲಿ.

"ಗೊತ್ತಿಲ್ಲ ಆಂಟಿ."

"ಅದ್ಹೇಗೆ ಕಂದಾ, ಎಲ್ಲಾದ್ರೂ ಒಂದು ಕಡೆ ಇರಲೇಬೇಕಲ್ಲ" ಅಂತ ಕಾಫಿ ಕೊಟ್ಟರು.

ಅವರು ಕೂತಲ್ಲೇ ಎರಡು ಕ್ಷೇತ್ರ ಕಂಡರು. ನಾನು ನಾಲ್ಕು ಹಾಸ್ಟೆಲ್ ಸುತ್ತಿದರೂ ಒಂದರಲ್ಲೂ ಇಲ್ಲ.

ಹಾಸ್ಟೆಲ್ ವಿಳಾಸ ಕೊಟ್ಟು ಇಲ್ಲೇ ಹೆಸರು ಸೇರಿಸಿದವರು ಯಾರಾದರೂ ಇದ್ದೀರಾ? ವಾರ್ಡನ್ ಹತ್ತಿರ ಲೆಟರ್ ತಗೋಬೇಕಾ? ಅವರು ಆರಕ್ಕೆ ಹೊರಡ್ತಾರೆ, ಪ್ಲೀಸ್ ಅಷ್ಟರೊಳಗೆ ಹೇಳಿ.