ತುಂಬುವ ಕೆಲಸ

ಸವೆದ ಉಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಹೊಸ ಲೋಹ ಏರಿಸುವುದಕ್ಕೆ ನಾವು 'ತುಂಬುವುದು' ಅನ್ನುತ್ತೇವೆ. ಶಾಫ್ಟ್ ತುಂಬುವುದು, ರೋಲರ್ ತುಂಬುವುದು. ಮೂವತ್ತು ವರ್ಷ ನಾನು ತುಂಬಿದ್ದು ಹೆಚ್ಚಾಗಿ ಸಮೀರವಾಡಿ ಕಡೆಯ ಕಬ್ಬು ಅರೆಯುವ ರೋಲರ್‌ಗಳನ್ನು. ಅರೆಯುವ ಹಂಗಾಮು ಮುಗಿದು ಸಕ್ಕರೆ ಕಾರ್ಖಾನೆ ನಿಂತಾಗಲೇ ಆ ಕೆಲಸ. ನಾಗರ ಪಂಚಮಿ ಬರುವುದೂ ಆಗಲೇ. ಅಕ್ಕತಂಗಿಯರನ್ನು ತವರಿಗೆ ಕರೆತಂದು, ಉಂಡಿ ತಿನ್ನಿಸಿ, ಜೋಕಾಲಿ ಆಡಿಸಿ, ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿಸಿ ಕಳಿಸುವ ಹಬ್ಬ. ನಾನು ಮಾತ್ರ ಒಂದು ವರ್ಷ ಕರೆದರೆ ಎರಡು ವರ್ಷ ತಪ್ಪಿಸುತ್ತಿದ್ದೆ. ಹೋದ ವರ್ಷ, ಅದರ ಹಿಂದಿನ ವರ್ಷ ಎರಡೂ ತಪ್ಪಿದ್ದವು.

"ರೋಲರ್ ತುಂಬಾಕ ನಿನಗ ಟೈಮ್ ಐತಿ, ಅಕ್ಕನ ಉಡಿ ತುಂಬಸಾಕ ಇಲ್ಲ," ಎಂದು ಅಕ್ಕ ಫೋನಿನಲ್ಲಿ ಬೈಯುವಳು. ನಾನೂ ಸುಮ್ಮನಿರುವ ಪೈಕಿ ಅಲ್ಲ. "ಉಡಿ ಏನ್ ಓಡಿ ಹೋಗತೈತೇನು? ಬರ್ತೇನಿ ತಡಿ," ಎಂದು ಫೋನ್ ಇಡುತ್ತಿದ್ದೆ.

ಈ ವರ್ಷ ಪಂಚಮಿಗೆ ಹದಿನೈದು ದಿನ ಇರುವಾಗ, ಒಂದು ಭಾನುವಾರ ಅವಳೇ ನನ್ನ ವೆಲ್ಡಿಂಗ್ ಅಂಗಡಿಗೆ ಬಂದಳು. ಮೊಣಕಾಲು ತಿಕ್ಕಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಳು. ಅವಳ ಊರು ಮುಧೋಳದ ಆಚೆ, ಹಳ್ಳದ ದಂಡೆಯಲ್ಲಿದೆ. ಹಳ್ಳದ ಆ ಬದಿಗೆ ಶಾಲೆ. ಅಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸುವವಳು ಅಕ್ಕ. ನಡುವೆ ನಡೆದಾಡುವವರಿಗೆಂದು ಒಂದು ಹಳೆಯ ಉಕ್ಕಿನ ಸೇತುವೆ. ಅದರ ತೊಲೆಗಳನ್ನು ದಂಡೆಯ ಕಂಬಗಳಿಗೆ ಕೂಡಿಸುವ ನಾಲ್ಕು ದಪ್ಪ ಪಿನ್ನುಗಳು ಸವೆದು, ಕಾಲಿಟ್ಟರೆ ಸೇತುವೆ ಖಡಖಡ ಎನ್ನುತ್ತಿತ್ತು. ಎಂಜಿನಿಯರ್ ಸಾಹೇಬರು ಹಗ್ಗ ಕಟ್ಟಿ ಬಂದ್ ಮಾಡಿಸಿದ್ದರು. ಬರುವ ಶನಿವಾರದೊಳಗೆ ರಿಪೇರಿಯಾಗದಿದ್ದರೆ ಸೇತುವೆ ಬಿಚ್ಚಿಸಿಬಿಡುವುದಾಗಿ ಹೇಳಿದ್ದರಂತೆ. ರಸ್ತೆ ಹಿಡಿದು ಸುತ್ತಿ ಹೋದರೆ ಶಾಲೆ ಐದು ಕಿಲೋಮೀಟರ್.

"ಅಷ್ಟು ನಡ್ಯಾಕ ಈ ಮೊಣಕಾಲ ಕೇಳ್ತಾವೇನೋ? ಸೇತುವಿ ಹೋತಂದ್ರ ನನ್ನ ಸಾಲಿ ಹೋತು. ಆ ಹುಡುಗೂರಿಗೆ ನೀಡಲಿಲ್ಲಂದ್ರ ನನಗ ತುತ್ತು ಇಳಿಯಂಗಿಲ್ಲ ತಮ್ಮಾ," ಎಂದಳು. ಬೈಯುವ ಅಕ್ಕನನ್ನು ನಾನು ಎಷ್ಟಾದರೂ ತಾಳಿಕೊಂಡೇನು. ಕಣ್ಣಲ್ಲಿ ನೀರು ತಂದ ಅಕ್ಕನನ್ನು ನೋಡುವುದು ನನ್ನಿಂದ ಆಗದು.

"ಅಳಬ್ಯಾಡ. ಶನಿವಾರ ಅದರ ಮ್ಯಾಲೇ ಹಾದು ನೀ ಸಾಲಿಗಿ ಹೋಗತಿ. ಹೋಗಲಿಲ್ಲಂದ್ರ ನಾ ಈ ಕಸುಬು ಬಿಡ್ತೇನಿ," ಎಂದುಬಿಟ್ಟೆ.

ಸಾಹೇಬರನ್ನು ಕಂಡು ಒಪ್ಪಿಸಿದೆ. ಅವರ ಜನ ತೊಲೆಗಳಿಗೆ ಆಸರೆ ಕೊಟ್ಟು ಪಿನ್ನು ಬಿಡಿಸಿದರು. ಸೋಮವಾರ ಅವು ನನ್ನ ಅಂಗಡಿಗೆ ಬಂದವು. ಒಂದು ಮಗ್ಗಲು ಸವೆದು ಹೋಗಿ ಒಂದೂ ದುಂಡಗೆ ಉಳಿದಿರಲಿಲ್ಲ. ಜಿಡ್ಡು, ತುಕ್ಕು ತೆಗೆದು, ಬಿಸಿ ಮಾಡಿ, ತಿರುಗಿಸುತ್ತ ತಿರುಗಿಸುತ್ತ ಶ್ಯಾವಿಗೆ ಎಳೆ ಇಟ್ಟಂತೆ ಸುತ್ತಲೂ ತುಂಬಿದೆ. ನಿಧಾನ ಆರಲೆಂದು ಬೂದಿಯಲ್ಲಿ ಹೂತಿಟ್ಟೆ. ಕೈ ತಾನಾಗಿಯೇ ರೋಲರ್‌ಗೆ ಬಳಸುವ ಗಟ್ಟಿ ವೆಲ್ಡಿಂಗ್ ಕಡ್ಡಿ ಎತ್ತಿಕೊಂಡಿತ್ತು. ಅಕ್ಕ ದಾಟುವ ಸೇತುವೆ, ಗಟ್ಟಿಯಾಗಿಯೇ ಇರಲಿ ಎಂದು ಮೇಲಿನ ಪದರೆಲ್ಲ ಅದರಿಂದಲೇ ಹಾಕಿದೆ. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಳತೆಗೆ ಕಡೆಯಲು ಬುಧವಾರ ಬನಹಟ್ಟಿಗೆ ಒಯ್ದೆ. ಅಲ್ಲಿನ ಲೇತ್ ನನ್ನ ಗೆಳೆಯನದು. ದಿನವೆಲ್ಲ ಪವರ್‌ಲೂಮಿನ ಶಾಫ್ಟ್ ಕಡೆಯುವ ಮನುಷ್ಯ. ಪಿನ್ನು ಸಿಕ್ಕಿಸಿ ಟೂಲ್ ತಾಗಿಸಿದ. ಕಿರ್ರೆಂದು ಟೂಲಿನ ತುದಿಯೇ ಹಾರಿತು. ಇನ್ನೊಂದು ಹಾಕಿದ. ಅದೂ ಹೋಯಿತು.

"ಲೇ, ಯಾವ ಕಡ್ಡಿ ಹಚ್ಚೀದಿ?"

"ಅಕ್ಕ ದಾಟೋ ಸೇತುವಿ, ಗಟ್ಟಿ ಇರ್ಲಿ ಅಂತ ರೋಲರ್ ಕಡ್ಡಿ."

ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮಕ್ಕನ್ನ ಕಬ್ಬಿನಂಗ ಅರಿಯಾಂವ ಅದೀಯೇನು? ಇಷ್ಟು ಗಟ್ಟಿ ಪಿನ್ ಕೂಡಿಸಿದ್ರ ಅದು ತೊಲಿ ತೂತನ್ನ ತಿಂದು ಹಾಕತೈತಿ. ಪಿನ್ ಸವದ್ರ ಮತ್ತ ತುಂಬಬಹುದು. ತೊಲಿ ಸವದ್ರ ಏನ್ ಮಾಡ್ತಿ?"

ನನಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಖರೆ ಎಂಬುದಕ್ಕೇ ಇನ್ನಷ್ಟು ಉರಿಯಿತು. ತರಿಸಿಟ್ಟ ಚಹಾ ಕುಡಿಯದೆ, ನಾಲ್ಕೂ ಪಿನ್ನು ಆಟೋದಲ್ಲಿ ಹೇರಿಕೊಂಡು ಹೊರಟೆ. ದಾರಿಯುದ್ದಕ್ಕೂ ಬೈದೆ; ಮೊದಲು ಅವನನ್ನು, ಆಮೇಲೆ ನನ್ನನ್ನು. ಗಟ್ಟಿ ಪದರನ್ನೆಲ್ಲ ಉಜ್ಜಿ ತೆಗೆದು, ಮೆತ್ತನೆಯ ಕಡ್ಡಿಯಿಂದ ಗುರುವಾರ ಎರಡನೇ ಸಲ ತುಂಬಿದೆ. ಶುಕ್ರವಾರ ಮತ್ತೆ ಬನಹಟ್ಟಿಗೆ ಹೋದೆ. ಈ ಸಲ ಉಕ್ಕಿನ ಚೂರು ಸುರುಳಿ ಸುರುಳಿಯಾಗಿ ಬಿದ್ದವು. ಗೆಳೆಯ ಎರಡು ಚಹಾ ತರಿಸಿ ಎರಡನ್ನೂ ನನ್ನ ಮುಂದಿಟ್ಟ. ಎರಡನ್ನೂ ಕುಡಿದೆ.

ಶನಿವಾರ ಮುಂಜಾನೆ ಪಿನ್ನುಗಳು ತಮ್ಮ ಜಾಗಕ್ಕೆ ಹದವಾಗಿ ಕೂತವು. ಸಾಹೇಬರು ನಡೆದು ನೋಡಿದರು, ನಡುವೆ ನಿಂತು ಕುಣಿದು ನೋಡಿದರು, ಹಗ್ಗ ಬಿಚ್ಚಿಸಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಸೇತುವೆ ಹತ್ತಿದಳು. ಸಪ್ಪಳವೇ ಇಲ್ಲ. ಅರ್ಧ ದಾಟಿದವಳು ನಿಂತಳು. ತಿರುಗಿ ನನ್ನತ್ತಲೇ ಬರತೊಡಗಿದಳು.

"ಯಾಕಬೇ ಅಕ್ಕಾ, ಅಂಜಿಕಿ ಆತೇನು?"

ಅವಳು ದಂಡೆಯ ಕಂಬದ ಹತ್ತಿರ ಬಂದಳು. ಬಗ್ಗಿ ಪಿನ್ನನ್ನು ನೋಡಿದಳು. "ಇದನ್ನೇನು ನೀ ತುಂಬಿದ್ದು?"

"ಹೂಂ. ಎರಡು ಸಲ ತುಂಬೀನಿ. ಮೊದಲನೇದು ಕೆಟ್ಟಿತ್ತು."

ಅವಳು ಸೊಂಟದಿಂದ ಸೆರಗು ಬಿಡಿಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಉಡಿ ಒಡ್ಡಿದ ಹಾಗೆ ಹಿಡಿದಳು. ಆಮೇಲೆ ಅದನ್ನು ಹಾಗೆಯೇ ಹೊಟ್ಟೆಗೆ ಅವಚಿಕೊಂಡಳು.

"ಹಂಗಾದ್ರ ತಪ್ಪಿದ ಎರಡು ಪಂಚಮಿ ಉಡಿ ನನಗ ಮುಟ್ಟಿದ್ವು ಬಿಡು," ಎಂದಳು.

ಅಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಅವಳು ಮೊಣಕಾಲಿನ ನೋವು ಮರೆತವಳಂತೆ ಸೇತುವೆ ದಾಟಿದಳು. ಆ ದಂಡೆಯಿಂದ ಕೂಗಿದಳು: "ಈ ವರ್ಷದ್ದು ಮನಿಯಾಗ ತುಂಬಸಬೇಕು ಮತ್ತ!"

ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಕಾರ್ಖಾನೆಯವರು, ವಾರವಿಡೀ ರೋಲರ್‌ಗೆ ಕರೆಯುತ್ತಿದ್ದರು.

"ಪಂಚಮಿ ಆದ ಮ್ಯಾಲ ಬರ್ತೇನ್ರೀ," ಎಂದೆ. "ಅಕ್ಕನ್ನ ಕರಕೊಂಡು ಬರೂದೈತಿ."