ಹುಣಸೆಹಣ್ಣಿನಲ್ಲಿ ತಿಕ್ಕಿದ ರಾಣಿ

ಮನುಷ್ಯನ ರೂಪ ಅಳಿಯುತ್ತದೆ, ಲೋಹದಲ್ಲಿ ಮೂಡಿದ ರೂಪ ಉಳಿಯುತ್ತದೆ. ಈ ಘನವಾದ ಸತ್ಯವನ್ನು ನಾನು ಮೂವತ್ತು ವರ್ಷ ನಂಬಿದ್ದೆ. ಆಮೇಲೆ ಒಂದು ದೀಪಾವಳಿಯ ಬೆಳಿಗ್ಗೆ ನನ್ನ ಹೆಂಡತಿ ಅದಕ್ಕೆ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ತಿಕ್ಕಿ ತೊಳೆದಿಟ್ಟಳು.

ನಾನು ಚಿತ್ರಕಲೆಯ ಮಾಸ್ತರ. ಆಳಂದದಲ್ಲಿ ಒಂಬತ್ತು ವರ್ಷ, ಅಫಜಲಪುರದಲ್ಲಿ ಏಳು, ಉಳಿದದ್ದೆಲ್ಲ ಜೇವರ್ಗಿಯಲ್ಲಿ. ಸಾವಿರಾರು ಮಕ್ಕಳ ಕೈಯಲ್ಲಿ ಹೂಜಿಯ ಚಿತ್ರ ಬರೆಸಿದೆ. ಒಬ್ಬರೂ ಕಲಾವಿದರಾಗಲಿಲ್ಲ, ಅಷ್ಟರ ಮಟ್ಟಿಗೆ ಮೂರೂ ತಾಲ್ಲೂಕುಗಳು ನನಗೆ ಋಣಿ. ಬಿಡುವಿನಲ್ಲಿ ಹಳೆಯ ರೋಮಿನ ನಾಣ್ಯ ಕೂಡಿಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತು ಎತ್ತಿದರೆ ಹೆಂಡತಿ ನನ್ನ ಕಡೆ ಕೈ ತೋರಿಸಿ, "ಮೂವತ್ತೊಂದ ಅವ ನೋಡ್ರಿ, ಎಲ್ಲಾವೂ ಡಬ್ಬ್ಯಾಗ ಮಲಗ್ಯಾವ. ಒಂದೂ ಅಳೂದುಲ್ಲ," ಎನ್ನುತ್ತಿದ್ದಳು.

ರೋಮಿನ ನಾಣ್ಯ ನಮ್ಮ ಕಡೆ ಹೇಗೆ ಬಂತು ಎಂದು ಕೇಳುವವರಿದ್ದಾರೆ. ವ್ಯಾಪಾರಕ್ಕೆ ಬಂತು. ಬಂದದ್ದನ್ನು ನಮ್ಮ ಮಂದಿ ತೂತು ಹಾಕಿ ಕೊರಳಲ್ಲಿ ಕಟ್ಟಿಕೊಂಡರು. ಸಾಲದ್ದಕ್ಕೆ ಅವುಗಳ ನಕಲನ್ನೂ ಮಾಡಿದರು. ಕೂಡಿಸುವವರಲ್ಲಿ ಹೆಚ್ಚಿನವರು ನಾಣ್ಯ ಎಷ್ಟು ಅಪರೂಪ ಎಂದು ನೋಡುತ್ತಾರೆ. ನಾನು ಮುಖ ನೋಡುತ್ತಿದ್ದೆ. ಅಂಗುಲಕ್ಕಿಂತ ಚಿಕ್ಕ ಬಿಲ್ಲೆಯ ಮೇಲೆ, ಕೂದಲೆಳೆಯಷ್ಟು ಉಬ್ಬಿನಲ್ಲಿ, ಒಬ್ಬ ಕೆತ್ತನೆಗಾರ ಜೀವಂತ ಮನುಷ್ಯನನ್ನು ಕೂಡಿಸಬೇಕು. ಗದ್ದದ ಕೆಳಗೆ ಕೊಬ್ಬು ಇಳಿದಿದೆಯೋ, ತುಟಿಯಲ್ಲಿ ಸಿಟ್ಟಿದೆಯೋ, ರಾತ್ರಿ ನಿದ್ದೆ ಬಂದಿದೆಯೋ, ಎಲ್ಲವೂ ಕಾಣಬೇಕು. ಮತ್ತೆ ಅವನು ಕೆತ್ತುವುದು ಅಚ್ಚಿನಲ್ಲಿ, ತಿರುವುಮುರುವಾಗಿ, ಉಬ್ಬಿನ ಜಾಗದಲ್ಲಿ ತಗ್ಗು. ಒಂದೇ ಅಚ್ಚಿನಿಂದ ಹೊಡೆದ ಎರಡು ನಾಣ್ಯ ಮುಂದಿಟ್ಟರೆ, ಯಾವುದು ಮೊದಲು ಹೊಡೆದದ್ದು, ಯಾವುದು ಅಚ್ಚು ಸವೆದ ಮೇಲೆ ಹೊಡೆದದ್ದು ಎಂದು ಮೂಗಿನ ಅಂಚು ನೋಡಿ ಹೇಳುತ್ತಿದ್ದೆ. ಸವೆತ ಗುರುತಿಸುವುದರಲ್ಲಿ ನನ್ನ ಕಣ್ಣು ಭಾಳ ಚುರುಕು ಎಂದು ಹೆಸರಿತ್ತು. ಈ ಮಾತನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ನನ್ನಲ್ಲಿದ್ದ ಮೂವತ್ತೊಂದರಲ್ಲಿ ಮುಖವೆಂದು ಕರೆಯಬಹುದಾದದ್ದು ಒಂದೇ. ಆಳಂದದ ಪತ್ತಾರ ಒಬ್ಬರು ಕೊಟ್ಟದ್ದು. ಮುರಿಯಲು ಬಂದ ಹಳೆಯ ಸರದಲ್ಲಿ ಈ ಬೆಳ್ಳಿ ಬಿಲ್ಲೆ ಇತ್ತಂತೆ. ಕುಲುಮೆಗೆ ಹಾಕುವ ಮೊದಲು ಅವರು ನನಗೆ ಹೇಳಿಕಳಿಸಿದರು. "ಮಾಸ್ತರ, ಈ ಹೆಣ್ಣುಮಗಳನ್ನ ಕರಗಸಾಕ ನನ್ನ ಕೈ ಬರವಲ್ದು, ನೀವ ಒಯ್ಯಿರಿ," ಎಂದರು. ಒಬ್ಬ ಚಕ್ರವರ್ತಿಯ ಹೆಂಡತಿ. ತಲೆಯ ಸುತ್ತ ಜಡೆ ಹೆಣೆದು ನೆತ್ತಿಯ ಮೇಲೆ ಸಿಂಬೆಯಂತೆ ಸುತ್ತಿದ್ದಾಳೆ. ಚೆಲುವೆಯಲ್ಲ. ವಯಸ್ಸಾಗಿದೆ. ಕೆನ್ನೆಯ ಮೂಳೆಯ ಕೆಳಗೆ ಒಂದು ಸಣ್ಣ ಕುಳಿ. ಅಲ್ಲಿ ನೂರಾರು ವರ್ಷದ ಕಪ್ಪು ಕೂತು ನೆರಳಾಗಿತ್ತು. ಆ ನೆರಳಿನಿಂದಲೇ ಮುಖಕ್ಕೆ ದಣಿವು, ದಣಿವಿನಿಂದಲೇ ಜೀವ. ನಮ್ಮ ಸೀಮೆಯ ಯಾವನೋ ಹಳೆಯ ಪತ್ತಾರ ಸರಕ್ಕೆ ಪೋಣಿಸಲು ತೂತು ಕೊರೆದಿದ್ದ. ಆದರೆ ಜಡೆಗೆ ತಾಗದಂತೆ, ನೆತ್ತಿಯ ಮೇಲೆ, ಅಂಚಿನಲ್ಲಿ, ಕೊರಳಲ್ಲಿ ತೂಗಿದಾಗ ಮುಖ ನೆಟ್ಟಗೆ ನಿಲ್ಲುವಂತೆ. ತೂತಿನಿಂದ ನಾಣ್ಯದ ಕಿಮ್ಮತ್ತು ಇಳಿಯುತ್ತದೆ ಎನ್ನುತ್ತಾರೆ. ನನಗೆ ಅವನ ಮೇಲೆ ಗೌರವ ಹೆಚ್ಚಿತು.

ನಾನು ದಿನವೂ ಚಹಾ ಆದ ಮೇಲೆ ಕಿಟಕಿಯ ಬೆಳಕಿಗೆ ಕೂತು, ಭೂತಗನ್ನಡಿ ಹಿಡಿದು ಅವಳನ್ನು ನೋಡುತ್ತಿದ್ದೆ. ಹೆಂಡತಿ ಅವಳಿಗೆ ಸವತಿ ಎಂದು ಹೆಸರಿಟ್ಟಳು.

"ಏನಂತಾಳ್ರಿ ನನ್ನ ಸವತಿ ಇವತ್ತ?"

"ಮಾತಾಡೂದುಲ್ಲ ಆಕಿ."

"ಅದಕ್ಕ ಆಕಿ ನಿಮಗ ಸೇರ್ತಾಳ."

ಆ ಮೂವತ್ತೊಂದಲ್ಲದೆ ನಕಲಿ ನಾಣ್ಯಗಳೂ ನಾಲ್ಕಿದ್ದವು. ಅಕ್ಷರ ಓದಲು ಬರದವನು ಅಕ್ಷರದ ಜಾಗದಲ್ಲಿ ಗೀಟು ಎಳೆದಿದ್ದ, ಮೂಗನ್ನು ಗಿಳಿಯ ಕೊಕ್ಕು ಮಾಡಿದ್ದ. ಅವನ್ನು ನಾನು ಕೀಳು ದರ್ಜೆಯವೆಂದು ಬೇರೆ ಡಬ್ಬಿಯಲ್ಲಿಟ್ಟಿದ್ದೆ. ಹೆಂಡತಿಗೆ ಅವೇ ಇಷ್ಟ. "ಇವು ನಮ್ಮ ಮಂದಿ ಮಾಡಿದ್ದು. ಒಂದ ಮೂಗುತಿ ಇಟ್ಟರ ನಮ್ಮ ಮಟಕಿ ಅತ್ತಿ ಆಗತಾಳ," ಎಂದು ನಗುತ್ತಿದ್ದಳು. ಆಳಂದ ತಾಲ್ಲೂಕಿನ ಮಟಕಿ ಅವಳ ತವರು. ಕಲೆಯ ಮಟ್ಟ ಎಂದರೇನು ಎಂದು ನಾನು ಅವಳಿಗೆ ಅರ್ಧ ತಾಸು ಉಪದೇಶ ಮಾಡಿದೆ. ಅವಳು ಅಷ್ಟರಲ್ಲಿ ಒಂದು ಮೊರ ತೊಗರಿ ಹಸನು ಮಾಡಿದಳು.

ಒಮ್ಮೆ ರಾಣಿಯ ಕಥೆ ಹೇಳಿದೆ. ಬದುಕಿದ್ದಾಗ ಅವಳ ಮುಖದ ನಾಣ್ಯ ಸ್ವಲ್ಪವೇ ಹೊಡೆಸಿದ ಚಕ್ರವರ್ತಿ, ಅವಳು ತೀರಿದ ಮೇಲೆ ವರ್ಷಗಟ್ಟಲೆ ಹೊಡೆಸಿದ. ಇದು ಹಾಗೆ ಸತ್ತ ಮೇಲಿನದು. ಪ್ರೀತಿಯೆಂದರೆ ಇದು ಎಂದೆ.

"ಸತ್ತ ಮ್ಯಾಲ ಯಾಕ್ರಿ?" ಎಂದಳು. "ಇದ್ದಾಗ ಪುರುಸೊತ್ತ ಇರಲಿಲ್ಲೇನು ಆತಗ?"

ನಾನು ನಕ್ಕೆ. ಅವಳು ನಗಲಿಲ್ಲ, ನಾಣ್ಯವನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು. ಅಲ್ಲಿ ತೆನೆ ಹಿಡಿದು ನಿಂತ ದೇವತೆಯಿದ್ದಳು.

"ಇದು ಜ್ವಾಳದ ತೆನಿ ಏನು?"

"ಗೋಧಿ."

"ತೆನಿ ಹಿಡದಾಳಂದ್ರ ಲಕ್ಷ್ಮೀನ ಆತಲ್ಲ." ಆ ಹೊತ್ತಿನಲ್ಲಿ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆ ವರ್ಷ ಶ್ರಾವಣದಲ್ಲಿ ಗಾಣಗಾಪುರಕ್ಕೆ ಹೋಗೋಣವೆಂದು ಅವಳೇ ಕೇಳಿದಳು. ಅವಳು ಏನನ್ನೂ ಕೇಳುವ ಪೈಕಿ ಅಲ್ಲ. ಸಂಗಮದಲ್ಲಿ ಸ್ನಾನವಾಯಿತು, ದರ್ಶನವಾಯಿತು. ಗುಡಿಯ ಹಾದಿಯಲ್ಲಿ ಒಬ್ಬ ಗೋಣಿತಟ್ಟಿನ ಮೇಲೆ ಹಳೆಯ ಕಾಸು ಹರವಿಕೊಂಡು ಕೂತಿದ್ದ. ನಾನು ಕುಕ್ಕರಗಾಲಲ್ಲಿ ಕೂತೆ. ಎಲ್ಲ ನಿಜಾಮನ ಕಾಲದ ತಾಮ್ರ, ನಾಲ್ಕು ಮೊನ್ನೆ ಮೊನ್ನೆ ಎರಕ ಹೊಯ್ದ, ರಾಮ ಸೀತೆಯರ ಚಿತ್ರದ ರಾಮಟಂಕಿ. ಒಂದೊಂದನ್ನೂ ಎತ್ತಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ತಾಸು ಮೇಲಾಯಿತು. ತಿರುಗಿ ಬಂದಾಗ ಅವಳು ಒಂದು ಅಂಗಡಿಯ ಕಟ್ಟೆಯ ಮೇಲೆ ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ಪ್ರಸಾದದ ಪೊಟ್ಟಣ ಹಾಗೇ ಇತ್ತು.

"ಬಿಸಲ ಬಡದದ," ಎಂದೆ.

"ಹೌದ್ರಿ, ಬಿಸಲ," ಎಂದಳು.

ಅಂದು ಮೋಡ ಮುಚ್ಚಿತ್ತು. ನನಗದು ಈಗ ನೆನಪಾಗುತ್ತದೆ.

ದೀಪಾವಳಿ ಅಮಾವಾಸ್ಯೆಗೆ ಮನೆಯ ಬೆಳ್ಳಿಬಂಗಾರ ತೊಳೆದು ಲಕ್ಷ್ಮಿಯ ಮುಂದಿಡುವುದು ಎಲ್ಲರ ಮನೆಯ ಪದ್ಧತಿ. ನಾನು ಜಳಕ ಮುಗಿಸಿ ಬಂದಾಗ ದೇವರ ಜಗಲಿಯ ಮೇಲೆ, ತಟ್ಟೆಯಲ್ಲಿ, ರಾಣಿ ಹೊಸ ಬಟ್ಟಲಿನ ಹಾಗೆ ಫಳಫಳ ಹೊಳೆಯುತ್ತಿದ್ದಳು. ಕುಂಕುಮ ಏರಿಸಿತ್ತು. ಹಳೆಯ ನಾಣ್ಯವನ್ನು ತಿಕ್ಕಬಾರದು ಎಂಬುದು ನಮ್ಮ ಕಸುಬಿನ ಮೊದಲನೆಯ ಸೂತ್ರ, ಕೊನೆಯದೂ ಅದೇ. ಕಪ್ಪೆಲ್ಲ ಹೋಗಿತ್ತು. ಕೆನ್ನೆಯ ಕುಳಿಯಲ್ಲಿ ನೆರಳಿಲ್ಲ. ನೂರಾರು ವರ್ಷ ದಣಿದಿದ್ದ ಹೆಂಗಸು ಈಗ ಉಂಡು ತೇಗಿದ ಸಾಹುಕಾರತಿಯಂತೆ ಕಾಣುತ್ತಿದ್ದಳು.

"ನೋಡ್ರಿ, ಈಗ ಆರಾಮ ಆಗ್ಯಾಳ," ಎಂದಳು ಹೆಂಡತಿ, ಬಾಗಿಲಿಗೆ ಆತುಕೊಂಡು. "ಮೊದಲ ಜಡ್ಡಿನಾಕಿ ಕಂಡಂಗ ಕಾಣತಿದ್ದಳು, ಪಾಪ."

ನಾನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನ ಅದು ನಾಣ್ಯ ಅಲ್ಲ. ನಿನ್ನ ಜಗಲಿ ಮ್ಯಾಲ ಇಟ್ಕೊ," ಎಂದು ಹೇಳಿ ಡಬ್ಬಿಗೆ ಬೀಗ ಹಾಕಿದೆ. ಹನ್ನೊಂದು ದಿನ ಮಾತು ಬಿಟ್ಟೆ. ಇಂಥ ವಿಷಯದಲ್ಲಿ ನನ್ನ ಲೆಕ್ಕ ತಪ್ಪುವುದಿಲ್ಲ. ಹಬ್ಬದ ಹೋಳಿಗೆಯನ್ನು ಮೌನವಾಗಿ, ಘನತೆಯಿಂದ, ಮೂರು ತಿಂದೆ. ಅವಳು ತಟ್ಟೆಗೆ ಒಂದು ಹಾಕಿಕೊಂಡು ಅದನ್ನೂ ಬಿಟ್ಟಳು. ನನ್ನ ಸಿಟ್ಟಿಗೆ ಅಂಜಿ ಊಟ ಬಿಟ್ಟಿದ್ದಾಳೆಂದು ಒಳಗೊಳಗೇ ಸಮಾಧಾನಪಟ್ಟೆ.

ಅವಳು ನನ್ನ ಮಾತನ್ನು ಅಕ್ಷರಶಃ ನಡೆಸಿದಳು. ಇಷ್ಟಲಿಂಗಪೂಜೆ ಮುಗಿಸಿ ದಿನವೂ ರಾಣಿಗೆ ಒಂದು ಬೊಟ್ಟು ಕುಂಕುಮ.

ಪುಷ್ಯದಲ್ಲಿ ಅವಳು ಅಡುಗೆಮನೆಯಲ್ಲಿ ಕುಸಿದಳು. ಕಲಬುರಗಿಗೆ ಒಯ್ದೆ. ಹೊಟ್ಟೆಯೊಳಗೆ ಗಡ್ಡೆ, ಬೆಳೆದು ಬಹಳ ದಿನವಾಗಿದೆ ಎಂದರು ಡಾಕ್ಟರು. ಕಾಗದ, ಪೆನ್ನು ತೆಗೆದುಕೊಂಡು, "ಇವರ ಮುಖ ಯಾವಾಗಿನಿಂದ ಇಳಿದದ್ರಿ?" ಎಂದು ಕೇಳಿದರು.

ನಾನು ಹೆಂಡತಿಯ ಮುಖ ನೋಡಿದೆ. ಕೆನ್ನೆಯ ಮೂಳೆ ಎದ್ದಿತ್ತು. ಅದರ ಕೆಳಗೆ ಕುಳಿ ಬಿದ್ದಿತ್ತು. ಯಾವಾಗ ಬಿತ್ತೋ ನನಗೆ ಗೊತ್ತಿರಲಿಲ್ಲ.

"ಹೋದ ಹೋಳಿ ಹುಣ್ಣಿಮಿಯಿಂದ್ರಿ," ಎಂದು ಅವಳೇ ಹೇಳಿದಳು, ನನ್ನ ಪರವಾಗಿ. ಆಮೇಲೆ ಡಾಕ್ಟರಿಗೆ, "ಇವರಿಗೇನ ಕೇಳ್ತೀರಿ. ಇವರು ಚಸ್ಮಾ ಮರತು ಬಂದಾರ," ಎಂದಳು. ಚಾಳೀಸು ನನ್ನ ಮೂಗಿನ ಮೇಲೇ ಇತ್ತು.

ನಲವತ್ತು ದಿನ ಬದುಕಿದಳು. ಆ ನಲವತ್ತು ದಿನ ನಾನು ಅವಳ ಮುಖವನ್ನು ನೋಡಿದೆ, ಬೇರೆ ಏನನ್ನೂ ನೋಡಲಿಲ್ಲ. ಅವಳಿಗೆ ಅದು ಸಂಕೋಚವಾಗುತ್ತಿತ್ತು. "ಏನ್ರಿ ಹಂಗ ನೋಡಾಕತ್ತೀರಿ, ನಾನೇನ ತೂತು ಬಿದ್ದ ರೂಪಾಯಿ ಏನು?" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ವಿಭೂತಿ ಹಚ್ಚಿ, ಹಣೆಗೆ ಒಂದು ನಾಣ್ಯ ಅಂಟಿಸುತ್ತಾರೆ. ಅಂದೋಲಾದಿಂದ ನನ್ನ ಅಕ್ಕ ಬಂದು ಎಲ್ಲ ನಡೆಸಿದಳು. ಈಗಿನ ರೂಪಾಯಿ ಅವಳ ಮನಸ್ಸಿಗೆ ಬರಲಿಲ್ಲ. "ಉಕ್ಕಿನ ರೊಕ್ಕ ಹಚ್ಚಿ ಕಳಸೂದೇನು? ಬೆಳ್ಳಿ ನೋಡ್ರಿ," ಎನ್ನುತ್ತ ದೇವರ ಜಗಲಿಗೆ ಹೋದಳು. ಅಲ್ಲಿ ಕುಂಕುಮ ಹಚ್ಚಿದ ಬೆಳ್ಳಿ ಬಿಲ್ಲೆ ಕಂಡಿತು. ಅದು ಏನೆಂದು ಅವಳಿಗೆ ತಿಳಿಯದು. ದೇವರ ರೊಕ್ಕ ಎಂದುಕೊಂಡಳು. ತಂದು ನನ್ನ ಹೆಂಡತಿಯ ಹಣೆಗೆ ಒತ್ತಿದಳು.

ನಾನು ಎದುರಿಗೆ ಕೂತಿದ್ದೆ. ಎರಡು ಮುಖ ಒಂದರ ಮೇಲೊಂದು. ತಿಕ್ಕಿಸಿಕೊಂಡ ಮುಖದಲ್ಲಿ ಕುಳಿ ಇರಲಿಲ್ಲ. ತಿಕ್ಕಿದವಳ ಮುಖದಲ್ಲಿತ್ತು.

ಆಗ ಕಣ್ಣಿಗೆ ಬಿತ್ತು: ತೂತು ಕೆಳಗಿದೆ. ಅಕ್ಕ ರಾಣಿಯನ್ನು ತಲೆಕೆಳಗಾಗಿ ಅಂಟಿಸಿದ್ದಾಳೆ.

ನಾನು ಎದ್ದು ಹೋಗಿ, ಎರಡು ಬೆರಳಿನಲ್ಲಿ ನಾಣ್ಯ ಹಿಡಿದು, ಅರ್ಧ ಸುತ್ತು ತಿರುವಿದೆ. ಮುಖ ನೆಟ್ಟಗಾಯಿತು. ಬೆರಳಿಗೆ ಹಣೆಯ ತಂಪು ಹತ್ತಿತು.

ಹಿಂದೆ ಹೆಂಗಸರೆಲ್ಲ ಗೊಳೋ ಎಂದು ಅತ್ತರು. "ನೋಡ್ರಬೇ, ಹಣಿ ಸವರಾಕತ್ತಾನ. ಎಷ್ಟ ಜೀವ ಇಟ್ಟಿದ್ದ ನನ್ನ ತಮ್ಮ," ಎಂದು ಅಕ್ಕ ಎದೆ ಬಡಿದುಕೊಂಡಳು. ಇಂದಿಗೂ ಬಳಗದಲ್ಲಿ ಆ ಮಾತು ಹೇಳುತ್ತಾರೆ. ನಾನು ತಿದ್ದಿಲ್ಲ. ಇಲ್ಲಿ ಬರೆದಿದ್ದೇನೆ: ನಾನು ಹಣೆ ಸವರಲಿಲ್ಲ, ನಾಣ್ಯ ಸರಿಮಾಡಿದೆ. ಕೈ ಅಷ್ಟನ್ನೇ ಕಲಿತಿತ್ತು.

ಕುಣಿಯಲ್ಲಿ ಇಳಿಸುವ ಮೊದಲು ಆಳಂದದ ಪತ್ತಾರರು ನನ್ನ ಪಕ್ಕಕ್ಕೆ ಬಂದು ನಿಂತರು. ಅವರಿಗೆ ಗುರುತು ಸಿಕ್ಕಿತ್ತು.

"ಮಾಸ್ತರ, ಮಣ್ಣ ಹಾಕೂಕಿಂತ ಮೊದಲ ತಕ್ಕೊಳ್ರಿ," ಎಂದರು ಮೆಲ್ಲಗೆ. "ತಪ್ಪಿಲ್ಲ, ಭಾಳ ಮಂದಿ ತಕ್ಕೋತಾರ. ಅಂಥಾದ್ದು ಮತ್ತ ಸಿಗೂದುಲ್ಲ."

"ಇರಲಿ ಬಿಡ್ರಿ," ಎಂದೆ. "ಒಂದ ಮುಖ ತಿಕ್ಕಿದ್ದಕ್ಕ ಹನ್ನೊಂದ ದಿನ ಮಾತ ಬಿಟ್ಟಿದ್ದೆ. ಆ ರಾಣಿ ಆಕೀ ಬಾಜೂಕ ಇರಲಿ, ಮಾತಾಡಾಕ."

ಪತ್ತಾರರು ತಲೆಯ ಟೊಪ್ಪಿಗೆ ತೆಗೆದರು.

ಜೇವರ್ಗಿಯ ರುದ್ರಭೂಮಿಯಲ್ಲಿ ಮಧ್ಯಾಹ್ನ ಮೂರೂವರೆಗೆ ಮಣ್ಣು ಮುಚ್ಚಿದರು. ಡಬ್ಬಿಯಲ್ಲಿ ಈಗ ಮೂವತ್ತು ನಾಣ್ಯಗಳಿವೆ.